ನಿಮ್ಮ 2 ರೂಪಾಯಿ ಕಟ್ ಆಗೋದು ಎಲ್ಲಿ? ಟೆಲಿಕಾಂ ಚಾರ್ಜಿಂಗ್ ಎಂಜಿನಿಯರ್ ಕೆಲಸ ಅಂದ್ರೆ ಇದು

ನೀವು ಇದನ್ನ ಮೊಬೈಲ್ ಡೇಟಾದಲ್ಲಿ ಕೇಳ್ತಿದ್ರೆ ಒಂದು ವಿಷಯ ಹೇಳ್ತೀನಿ. ಈ ಎಪಿಸೋಡ್ ಪ್ಲೇ ಆಗೋದಕ್ಕೂ ಮುಂಚೆ ನಿಮ್ಮ ನೆಟ್‌ವರ್ಕ್ ಎಲ್ಲೋ ದೂರದ ಡೇಟಾ ಸೆಂಟರ್‌ನಲ್ಲಿರುವ ಇನ್ನೊಂದು ಸಿಸ್ಟಂ ಹತ್ರ ‘ಈ ನಂಬರ್‌ಗೆ ಡೇಟಾ ಬಿಡಬಹುದಾ?’ ಅಂತ ಕೇಳಿ, ಒಪ್ಪಿಗೆ ತಗೊಂಡಿದೆ. ನಿಮಗೆ ಗೊತ್ತೇ ಆಗಿಲ್ಲ. ಆ ಸಿಸ್ಟಂ ಕಟ್ಟುವವರು, ಹಗಲು ರಾತ್ರಿ ಅದನ್ನ ಕಾಯುವವರು ಬಿಲ್ಲಿಂಗ್ ಮತ್ತು ಚಾರ್ಜಿಂಗ್ ಎಂಜಿನಿಯರ್‌ಗಳು. ಇವತ್ತು ಅವರ ಕೆಲಸದ ಬಗ್ಗೆ ಮಾತಾಡೋಣ.

ನಾನು ಓದಿದ್ದು ಬಿ.ಕಾಂ. ಈ ಕ್ಷೇತ್ರದಲ್ಲಿರುವ ಗೆಳೆಯರ ಜೊತೆ ಕೂತು ಮಾತಾಡಿದಾಗ ನನಗೆ ಖುಷಿಯಾದ ಸಂಗತಿ ಅಂದ್ರೆ, ಇದು ಅರ್ಧ ಎಂಜಿನಿಯರಿಂಗ್, ಇನ್ನರ್ಧ ನಮ್ಮ ಅಕೌಂಟೆನ್ಸಿ.

ಮೊದಲು ಪೋಸ್ಟ್‌ಪೇಯ್ಡ್ ನೋಡೋಣ, ಅದು ಸುಲಭ. ಕಿರಾಣಿ ಅಂಗಡಿಯ ಉದ್ರಿ ಲೆಕ್ಕ ಇದ್ದ ಹಾಗೆ. ನೀವು ಕಾಲ್ ಮಾಡ್ತೀರಿ, ನೆಟ್‌ವರ್ಕ್ ಒಂದು ಚೀಟಿ ಬರೆದಿಡುತ್ತೆ: ಯಾರು, ಯಾರಿಗೆ, ಎಷ್ಟು ಹೊತ್ತಿಗೆ, ಎಷ್ಟು ಸೆಕೆಂಡ್. ಈ ಚೀಟಿಗೆ ಕಾಲ್ ಡೀಟೇಲ್ ರೆಕಾರ್ಡ್, ಅಂದ್ರೆ ಸಿಡಿಆರ್ ಅಂತ ಹೆಸರು. ಕ್ರೈಂ ನ್ಯೂಸ್‌ನಲ್ಲಿ ‘ಪೊಲೀಸರು ಸಿಡಿಆರ್ ತೆಗೆಸಿದ್ದಾರೆ’ ಅಂತ ಕೇಳ್ತೀರಲ್ಲ, ಅದೇ ಇದು. ಅದು ಹುಟ್ಟಿದ್ದು ಪೊಲೀಸರಿಗಾಗಿ ಅಲ್ಲ, ಬಿಲ್‌ಗಾಗಿ. ಬೇರೆ ಬೇರೆ ಕಡೆಯಿಂದ ಬಂದ ಚೀಟಿಗಳನ್ನ ಒಂದೇ ರೂಪಕ್ಕೆ ತರೋದು ಮೀಡಿಯೇಶನ್, ಪ್ರತಿ ಚೀಟಿಗೂ ರೇಟ್ ಹಾಕೋದು ರೇಟಿಂಗ್, ತಿಂಗಳ ಕೊನೆಗೆ ಕೂಡಿಸಿ ಕಳಿಸೋದು ಬಿಲ್ಲಿಂಗ್. ಯಾವ ಗ್ರಾಹಕರದ್ದು, ಯಾವ ರೇಟ್ ಅಂತ ಗೊತ್ತಾಗದ ಚೀಟಿಗಳನ್ನ ಒಂದು ಕಡೆ ಎತ್ತಿಡ್ತಾರೆ. ಅದಕ್ಕೆ ಸಸ್ಪೆನ್ಸ್ ಅಂತಾರೆ. ಕಾಮರ್ಸ್‌ನವರಿಗೆ ನಗು ಬರಬೇಕು, ಟ್ರಯಲ್ ಬ್ಯಾಲೆನ್ಸ್ ಕೂಡದಿದ್ದಾಗ ನಾವು ಬರೀತಿದ್ದದ್ದೂ ಸಸ್ಪೆನ್ಸ್ ಅಕೌಂಟೇ!

ನಿಜವಾದ ಆಟ ಇರೋದು ಪ್ರೀಪೇಯ್ಡ್‌ನಲ್ಲಿ. ಭಾರತದಲ್ಲಿ 10 ಮೊಬೈಲ್ ಕನೆಕ್ಷನ್‌ನಲ್ಲಿ ಸುಮಾರು 9 ಪ್ರೀಪೇಯ್ಡ್. ಇದು ಉದ್ರಿ ಅಲ್ಲ, ದರ್ಶಿನಿ ಲೆಕ್ಕ. ಮೊದಲು ಟೋಕನ್, ಆಮೇಲೆ ದೋಸೆ. ಆದ್ರೆ ಇಲ್ಲಿ ತೊಂದರೆ ಏನಂದ್ರೆ, ನೀವು ಎಷ್ಟು ದೋಸೆ ತಿಂತೀರಿ ಅಂತ ಟೋಕನ್ ಕೊಡುವಾಗ ಯಾರಿಗೂ ಗೊತ್ತಿಲ್ಲ. ಕಾಲ್ 10 ಸೆಕೆಂಡ್‌ಗೂ ಮುಗೀಬಹುದು, 2 ಗಂಟೆಗೂ ಹೋಗಬಹುದು.

ಅದಕ್ಕೆ ಮದುವೆ ಮನೆ ಊಟದ ಪದ್ಧತಿ. ಬಡಿಸುವವರು ಇಡೀ ಪಾತ್ರೆಯನ್ನ ನಿಮ್ಮ ಎಲೆಗೆ ಸುರಿಯಲ್ಲ ಅಲ್ವಾ? ಒಂದು ಸೌಟು ಹಾಕ್ತಾರೆ, ಖಾಲಿಯಾದ್ರೆ ಇನ್ನೊಂದು. ಹಾಗೆಯೇ ನೆಟ್‌ವರ್ಕ್‌ನ ಗೇಟ್‌ವೇ ಚಾರ್ಜಿಂಗ್ ಸಿಸ್ಟಂ ಹತ್ರ ಮೊದಲು ಒಂದು ಪಾಲು ಕೇಳುತ್ತೆ. ಚಾರ್ಜಿಂಗ್ ಸಿಸ್ಟಂ ನಿಮ್ಮ ಬ್ಯಾಲೆನ್ಸ್ ನೋಡಿ, ಅಷ್ಟನ್ನ ರಿಸರ್ವ್ ಮಾಡಿ, ‘ಸರಿ, ಇಷ್ಟು ಎಂಬಿ ಬಿಡು’ ಅನ್ನುತ್ತೆ. ಅದು ಮುಗಿಯುವಷ್ಟರಲ್ಲಿ ಮತ್ತೆ ಕೇಳುತ್ತೆ. ಕೊನೆಗೆ ‘ಇಷ್ಟು ಬಳಸಿದ್ರು, ಉಳಿದದ್ದು ವಾಪಸ್’ ಅಂತ ಲೆಕ್ಕ ಒಪ್ಪಿಸುತ್ತೆ. 4ಜಿಯಲ್ಲಿ ಈ ಮಾತುಕತೆ ನಡೆಯೋ ಭಾಷೆಯ ಹೆಸರು ಡಯಾಮೀಟರ್. ಅದಕ್ಕಿಂತ ಹಳೆಯ ಪ್ರೋಟೋಕಾಲ್ ಹೆಸರು ರೇಡಿಯಸ್. ವ್ಯಾಸ ತ್ರಿಜ್ಯದ ಎರಡರಷ್ಟು ಅಂತ ಎಂಜಿನಿಯರ್‌ಗಳು ಮಾಡಿದ ಜೋಕ್ ಅದು, ಹಾಗೇ ಉಳ್ಕೊಂಡಿದೆ.

ರಿಸರ್ವ್ ಯಾಕೆ ಬೇಕು? ನಿಮ್ಮ ಹತ್ರ 10 ರೂಪಾಯಿ ಬ್ಯಾಲೆನ್ಸ್ ಇದೆ ಅಂದ್ಕೊಳ್ಳಿ. ನೀವು ಮಾತಾಡ್ತಿದ್ದೀರಿ, ಹಿಂದೆ ವಾಟ್ಸಾಪ್ ಓಡ್ತಿದೆ. ಎರಡೂ ಕಡೆಯಿಂದ ಒಂದೇ ಕ್ಷಣಕ್ಕೆ ಕೇಳಿಕೆ ಬರುತ್ತೆ. ಎರಡಕ್ಕೂ ‘10 ರೂಪಾಯಿ ಇದೆ, ಹೋಗು’ ಅಂದ್ರೆ 20 ರೂಪಾಯಿ ಖರ್ಚಾಗುತ್ತೆ. ರಿಸರ್ವ್ ಮಾಡಿದ್ದು ಸರಿಯಾದ ಹೊತ್ತಿಗೆ ಬಿಡುಗಡೆ ಆಗದಿದ್ರೆ ಉಲ್ಟಾ ಕಥೆ. ಮಧ್ಯದಲ್ಲಿ ಏನೋ ಕೆಟ್ಟು, ‘ಮುಗೀತು’ ಅನ್ನೋ ಮೆಸೇಜ್ ಬರಲೇ ಇಲ್ಲ ಅನ್ನಿ. ಆ ದುಡ್ಡು ಟೈಂಔಟ್ ಆಗೋವರೆಗೂ ಸಿಕ್ಕಿಹಾಕ್ಕೊಂಡಿರುತ್ತೆ. ಬ್ಯಾಲೆನ್ಸ್ ಇದೆ, ಆದ್ರೂ ಕಾಲ್ ಹೋಗಲ್ಲ. ಆ ಟೈಂಔಟ್ ಎಷ್ಟಿರಬೇಕು ಅಂತ ಯಾರೋ ಒಬ್ಬರು ಕೂತು ನಿರ್ಧಾರ ಮಾಡಿರ್ತಾರೆ.

ಇನ್ನೊಂದು, ನನಗೆ ತುಂಬಾ ಹಿಡಿಸಿದ್ದು. ಗೇಟ್‌ವೇ ಪ್ರಶ್ನೆ ಕೇಳ್ತು, ಉತ್ತರ ಬರಲಿಲ್ಲ. ಪ್ರಶ್ನೆ ದಾರೀಲಿ ಕಳೆದುಹೋಯ್ತಾ? ಅಥವಾ ದುಡ್ಡು ಕಟ್ ಆಗಿ, ಉತ್ತರ ಮಾತ್ರ ಕಳೆದುಹೋಯ್ತಾ? ಗೊತ್ತಿಲ್ಲ. ಮತ್ತೆ ಕೇಳಿದ್ರೆ ಎರಡು ಸಲ ಕಟ್ ಆಗೋ ಅಪಾಯ. ಯುಪಿಐನಲ್ಲಿ ‘ಪೆಂಡಿಂಗ್’ ಬಂದಾಗ ಮತ್ತೆ ಕಳಿಸ್ಲಾ ಬೇಡ್ವಾ ಅಂತ ಅಂಗಡಿಯವನ ಮುಂದೆ ನಿಂತು ಒದ್ದಾಡ್ತೀವಲ್ಲ, ಅದೇ ಸಂಕಟ. ಇಲ್ಲಿ ಪ್ರತಿ ಸೆಷನ್‌ಗೂ ಒಂದು ಗುರುತು, ಅದರೊಳಗೆ ಪ್ರತಿ ಕೇಳಿಕೆಗೂ ಒಂದು ಕ್ರಮಸಂಖ್ಯೆ ಇರುತ್ತೆ. ಅದೇ ನಂಬರ್ ಮತ್ತೆ ಬಂದ್ರೆ ‘ಇದನ್ನ ನೋಡಿದ್ದೀನಿ, ಮತ್ತೆ ಕಟ್ ಮಾಡಲ್ಲ, ಹಳೇ ಉತ್ತರವನ್ನೇ ತಗೋ’ ಅನ್ನಬೇಕು. ಕಾಗದದ ಮೇಲೆ ಸುಲಭ. ಹಲವು ಸರ್ವರ್‌ಗಳು, ಅದರಲ್ಲಿ ಒಂದು ಈಗ ತಾನೇ ಬಿದ್ದು ಎದ್ದಿದೆ ಅಂದಾಗ ಕಷ್ಟ.

ಈಗ ಪೂರ್ತಿ ಚಾರ್ಜಿಂಗ್ ಸಿಸ್ಟಂ ಸುಸ್ತಾಗಿ ಉತ್ತರವನ್ನೇ ಕೊಡ್ತಿಲ್ಲ ಅನ್ನಿ. ಕ್ರಿಕೆಟ್ ಫೈನಲ್ ಸಂಜೆ ಅಂತಲೇ ಇಟ್ಕೊಳ್ಳಿ. ಗೇಟ್‌ವೇ ಏನು ಮಾಡಬೇಕು? ಸ್ಟ್ಯಾಂಡರ್ಡ್‌ನಲ್ಲೇ ಮೂರು ಆಯ್ಕೆ ಬರೆದಿದ್ದಾರೆ: ಕನೆಕ್ಷನ್ ಕಡಿ, ಲೆಕ್ಕ ಇಲ್ಲದೇ ಮುಂದುವರಿಸು, ಇನ್ನೊಂದು ಸರ್ವರ್ ಹತ್ರ ಕೇಳಿ ಅದೂ ಆಗದಿದ್ರೆ ಕಡಿ. ಕಡಿದ್ರೆ ದುಡ್ಡು ಕೊಟ್ಟ ಗ್ರಾಹಕ ರಸ್ತೆ ಮಧ್ಯ ಆಟೋದವರಿಗೆ ಯುಪಿಐ ಮಾಡೋಕಾಗದೇ ನಿಲ್ತಾರೆ. ಬಿಟ್ರೆ ಕಂಪನಿಗೆ ನಷ್ಟ. ಇದು ಟೆಕ್ನಿಕಲ್ ಸೆಟ್ಟಿಂಗ್ ತರಹ ಕಾಣುತ್ತೆ, ಆದ್ರೆ ನಷ್ಟ ಯಾರ ಪಾಲಿಗೆ ಅನ್ನೋ ತೀರ್ಮಾನ ಅದು. ನನ್ನ ಕೇಳಿದ್ರೆ ಬಿಡಬೇಕು. ತಪ್ಪು ಸಿಸ್ಟಂದು, ಗ್ರಾಹಕರದ್ದಲ್ಲ.

ಪೋಸ್ಟ್‌ಪೇಯ್ಡ್‌ನಲ್ಲಿ ಬಿಲ್ ತಪ್ಪಾದ್ರೆ, ಕಟ್ಟುವ ಮುಂಚೆ ಜಗಳ ಆಡಬಹುದು. ಪ್ರೀಪೇಯ್ಡ್‌ನಲ್ಲಿ ದುಡ್ಡು ಆಗ್ಲೇ ಅವರ ಹತ್ರ ಇದೆ. 2 ರೂಪಾಯಿ ಹೆಚ್ಚು ಕಟ್ ಆಯ್ತು ಅಂತ ಯಾರು ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ಅರ್ಧ ಗಂಟೆ ಮ್ಯೂಸಿಕ್ ಕೇಳ್ತಾರೆ? ಆದ್ರೆ ಅದೇ ತಪ್ಪು 10 ಲಕ್ಷ ಜನರಿಗೆ ಆಗಿದ್ರೆ 20 ಲಕ್ಷ ರೂಪಾಯಿ. ಒಬ್ಬೊಬ್ಬರಿಗೂ ಅದು ಚಿಲ್ಲರೆ. ಒಟ್ಟು ಮೊತ್ತ ಕಾಣೋದು ಲೆಕ್ಕ ತಾಳೆ ನೋಡುವ ಎಂಜಿನಿಯರ್‌ಗೆ ಮಾತ್ರ.

ಈ ತಪ್ಪುಗಳು ಹುಟ್ಟೋದು ಸಣ್ಣ ಜಾಗಗಳಲ್ಲಿ. ಉದಾಹರಣೆಗೆ ಪಲ್ಸ್. 61 ಸೆಕೆಂಡ್ ಮಾತಾಡಿದ್ರಿ. ನಿಮಿಷಕ್ಕೆ 60 ಪೈಸೆ ಪ್ಲ್ಯಾನ್ ಆದ್ರೆ 2 ನಿಮಿಷದ ಲೆಕ್ಕ, 1 ರೂಪಾಯಿ 20 ಪೈಸೆ. ಸೆಕೆಂಡ್‌ಗೆ 1 ಪೈಸೆ ಆದ್ರೆ 61 ಪೈಸೆ. ರೇಟ್ ಒಂದೇ, ಪಲ್ಸ್ ಬೇರೆ, ದುಡ್ಡು ಹೆಚ್ಚುಕಮ್ಮಿ ಡಬಲ್. 2009ರಲ್ಲಿ ಟಾಟಾ ಡೊಕೊಮೊ ಸೆಕೆಂಡ್‌ಗೆ 1 ಪೈಸೆ ಅಂತ ಬಂದಾಗ ಉಳಿದವರೂ ಹಿಂದೆ ಓಡಬೇಕಾಗಿ ಬಂದದ್ದು ಇದಕ್ಕೇ. ಇನ್ನೊಂದು ಜಾಗ ದಶಮಾಂಶ. ಕಂಪ್ಯೂಟರ್‌ಗೆ 0.1 ಮತ್ತು 0.2 ಕೂಡಿಸು ಅಂದ್ರೆ ಸಾಮಾನ್ಯ ಫ್ಲೋಟಿಂಗ್ ಪಾಯಿಂಟ್‌ನಲ್ಲಿ ಸರಿಯಾಗಿ 0.3 ಬರಲ್ಲ, ಬಾಲದಲ್ಲಿ ಒಂದು ಚೂರು ಹೆಚ್ಚು ಬರುತ್ತೆ. ಹಾಗಾಗಿ ದುಡ್ಡನ್ನ ಪೂರ್ಣಾಂಕದಲ್ಲೇ, ಪೈಸೆ ಅಥವಾ ಅದಕ್ಕಿಂತ ಸಣ್ಣ ಘಟಕದಲ್ಲಿ ಇಡೋದು ಇಲ್ಲಿನ ಮೊದಲ ಪಾಠ. ಆಮೇಲೆ ಕ್ಯಾಲೆಂಡರ್. ನೆನಪಿದೆಯಾ, ದೀಪಾವಳಿ, ಹೊಸ ವರ್ಷದ ದಿನ ಎಸ್ಸೆಮ್ಮೆಸ್ ಪ್ಯಾಕ್ ನಡೀತಿರಲಿಲ್ಲ? ಅದಕ್ಕೆ ಬ್ಲ್ಯಾಕೌಟ್ ಡೇ ಅಂತಿದ್ರು. ಆ ದಿನದ ಹಿಂದಿನ ರಾತ್ರಿ 11:59ಕ್ಕೆ ಕಳಿಸಿದ್ದು ಪ್ಯಾಕ್‌ನಲ್ಲಿ, 12:00ಕ್ಕೆ ಕಳಿಸಿದ್ದಕ್ಕೆ ದುಡ್ಡು.

ಚಾರ್ಜಿಂಗ್ ನಿಯಮ ಬದಲಾದ್ರೆ ಫೋನ್ ರಿಂಗ್ ಆಗೋ ರೀತಿಯೇ ಬದಲಾಗುತ್ತೆ ಅಂದ್ರೆ ನಂಬ್ತೀರಾ? ಒಂದು ಕಂಪನಿಯ ಕಾಲ್ ಇನ್ನೊಂದರ ನೆಟ್‌ವರ್ಕ್‌ಗೆ ಹೋದ್ರೆ, ಕಾಲ್ ಮಾಡಿದವರ ಕಂಪನಿ ಎದುರಿನ ಕಂಪನಿಗೆ ನಿಮಿಷಕ್ಕೆ ಇಷ್ಟು ಅಂತ ಕೊಡಬೇಕಿತ್ತು. ಐಯುಸಿ ಅಂತಾರೆ. 14 ಪೈಸೆ ಇದ್ದದ್ದು 2017ರ ಅಕ್ಟೋಬರ್‌ನಲ್ಲಿ 6 ಪೈಸೆ ಆಯ್ತು. ಈಗ ಯೋಚನೆ ಮಾಡಿ, ರಿಂಗ್ ಬೇಗ ನಿಂತ್ರೆ ಏನಾಗುತ್ತೆ? ಕಾಲ್ ಮಿಸ್ಡ್ ಕಾಲ್ ಆಗುತ್ತೆ, ಎದುರಿನವರು ವಾಪಸ್ ಮಾಡ್ತಾರೆ, 6 ಪೈಸೆ ಕೊಡಬೇಕಾದವರು ಪಡೆಯುವವರಾಗ್ತಾರೆ! 2019ರಲ್ಲಿ ಇದೇ ವಿಷಯಕ್ಕೆ ಜಿಯೋ ಮತ್ತು ಏರ್‌ಟೆಲ್ ನಡುವೆ ಜಗಳ ಆಗಿ, ರಿಂಗ್ 25 ಸೆಕೆಂಡ್‌ಗೆ ಇಳಿದಿತ್ತು. ಕೊನೆಗೆ ಟ್ರಾಯ್ ಆ ವರ್ಷ ನವೆಂಬರ್‌ನಲ್ಲಿ ಮೊಬೈಲ್‌ಗೆ 30 ಸೆಕೆಂಡ್, ಲ್ಯಾಂಡ್‌ಲೈನ್‌ಗೆ 60 ಸೆಕೆಂಡ್ ಅಂತ ಗೆರೆ ಎಳೀತು. 2021ರ ಜನವರಿ 1ರಿಂದ ಐಯುಸಿಯೇ ಸೊನ್ನೆ.

‘ಈಗ ಎಲ್ಲಾ ಅನ್‌ಲಿಮಿಟೆಡ್, ಇನ್ನೇನು ಲೆಕ್ಕ?’ ಅಂತೀರಾ. ಲೆಕ್ಕ ನಿಮಿಷದಿಂದ ದಿನಕ್ಕೆ ಶಿಫ್ಟ್ ಆಗಿದೆ ಅಷ್ಟೇ. 28 ದಿನದ ಪ್ಯಾಕ್‌ನಲ್ಲಿ 12 ಸಲ ರೀಚಾರ್ಜ್ ಮಾಡಿದ್ರೆ 336 ದಿನ, ವರ್ಷ ತುಂಬೋಕೆ 13ನೇ ಸಲ ಬೇಕು. ಇದಕ್ಕೇ 2022ರಲ್ಲಿ ಟ್ರಾಯ್, 30 ದಿನದ್ದೂ ಪ್ರತಿ ತಿಂಗಳು ಅದೇ ತಾರೀಕಿಗೆ ಬರೋದೂ ಕನಿಷ್ಠ ಒಂದೊಂದು ಪ್ಯಾಕ್ ಇಡಲೇಬೇಕು ಅಂತ ಹೇಳಿತು. ಪ್ರತಿ ತಿಂಗಳು 31 ಇರಲ್ಲವಲ್ಲ, ಜನವರಿ 31ಕ್ಕೆ ರೀಚಾರ್ಜ್ ಮಾಡಿದವರಿಗೆ ಫೆಬ್ರವರಿಯಲ್ಲಿ ಯಾವ ತಾರೀಕು? ಆ ಪ್ರಶ್ನೆಗೆ ಕೋಡ್‌ನಲ್ಲಿ ಉತ್ತರ ಬರೆಯೋದೂ ಇವರೇ. ದಿನಕ್ಕೆ 1.5 ಜಿಬಿ ಪ್ಯಾಕ್ ಇದೆ ಅಂದ್ರೆ ಮಧ್ಯರಾತ್ರಿ ಕೋಟಿಗಟ್ಟಲೆ ಖಾತೆ ರಿಸೆಟ್ ಆಗಬೇಕು. ಎಲ್ಲವನ್ನೂ 12 ಗಂಟೆಗೆ ಮುಟ್ಟೋಕೆ ಹೋದ್ರೆ ಸಿಸ್ಟಂ ಮಲಗುತ್ತೆ. ಜಾಣತನ ಏನಂದ್ರೆ, ನೀವು ಬೆಳಿಗ್ಗೆ ಎದ್ದು ಡೇಟಾ ಆನ್ ಮಾಡಿದಾಗ ‘ಹೋ, ದಿನ ಬದಲಾಗಿದೆ’ ಅಂತ ನಿಮ್ಮ ಖಾತೆಯನ್ನಷ್ಟೇ ಆಗ ರಿಸೆಟ್ ಮಾಡೋದು.

ಇವರ ಮೇಲೆ ಕಣ್ಣಿಡೋರು ಯಾರು? ಮೀಟರಿಂಗ್ ಮತ್ತು ಬಿಲ್ಲಿಂಗ್ ಸರಿಯಿದೆಯಾ ಅಂತ ಹೊರಗಿನ ಆಡಿಟರ್‌ಗಳು ಪರೀಕ್ಷೆ ಮಾಡಬೇಕು ಅನ್ನೋ ನಿಯಮವನ್ನ ಟ್ರಾಯ್ 2006ರಲ್ಲೇ ತಂದಿದೆ, 2023ರಲ್ಲಿ ಹೊಸದಾಗಿ ಬರೆದಿದೆ. ಹೆಚ್ಚು ಕಟ್ ಮಾಡಿದ್ದು ಸಿಕ್ಕಿಬಿದ್ರೆ ಗ್ರಾಹಕರಿಗೆ ವಾಪಸ್ ಕೊಡಬೇಕು. ನಂಬರ್ ಬಿಟ್ಟು ಹೋದವರನ್ನ ಎಲ್ಲಿ ಹುಡುಕ್ತೀರಿ? ಹಾಗೆ ಕೊಡೋಕಾಗದ ದುಡ್ಡು ಗ್ರಾಹಕರ ಶಿಕ್ಷಣ ಮತ್ತು ರಕ್ಷಣೆಗೆ ಅಂತಲೇ ಇರುವ ನಿಧಿಗೆ ಹೋಗುತ್ತೆ.

ನಿಮ್ಮ ಕಡೆಯಿಂದ ಮಾಡಬಹುದಾದದ್ದು: ಪ್ರೀಪೇಯ್ಡ್ ಗ್ರಾಹಕರೂ ಬಳಕೆಯ ಪೂರ್ತಿ ವಿವರ ಕೇಳಬಹುದು, ಅದಕ್ಕೆ 50 ರೂಪಾಯಿಗಿಂತ ಹೆಚ್ಚು ತಗೊಳ್ಳೋ ಹಾಗಿಲ್ಲ. ಕೇಳದ ಕಾಲರ್ ಟ್ಯೂನ್‌ಗೆ ದುಡ್ಡು ಹೋಗ್ತಿದ್ರೆ ನಿಲ್ಲಿಸೋಕೆ 155223. ದೂರಿಗೆ 198, ಡಾಕೆಟ್ ನಂಬರ್ ಬರೆದಿಟ್ಕೊಳ್ಳಿ. ಪರಿಹಾರ ಸರಿ ಬರಲಿಲ್ಲ ಅಂದ್ರೆ ಅದೇ ಕಂಪನಿಯ ಅಪೀಲು ಪ್ರಾಧಿಕಾರಕ್ಕೆ ಹೋಗಬಹುದು.

ಈ ಕೆಲಸಕ್ಕೆ ಹೋಗಬೇಕು ಅನ್ನೋರಿಗೆ ಎರಡು ಮಾತು. ಲಿನಕ್ಸ್, ಎಸ್‌ಕ್ಯೂಎಲ್, ಜಾವಾ ಅಥವಾ ಸಿ++ ಬೇಕು. 5ಜಿಯಲ್ಲಿ ಪ್ರೀಪೇಯ್ಡ್, ಪೋಸ್ಟ್‌ಪೇಯ್ಡ್ ಎರಡರ ಲೆಕ್ಕವೂ ಸಿಎಚ್‌ಎಫ್ ಅನ್ನೋ ಒಂದೇ ಜಾಗಕ್ಕೆ ಬಂದಿದೆ, ಡಯಾಮೀಟರ್ ಬದಲು ವೆಬ್‌ನ ಎಚ್‌ಟಿಟಿಪಿ, ಜೇಸನ್ ಬಂದಿವೆ, ಹಾಗಾಗಿ ಹೊಸಬರಿಗೆ ಬಾಗಿಲು ಸ್ವಲ್ಪ ಅಗಲ ಆಗಿದೆ. ಬದಲಾವಣೆ ಎಲ್ಲಾ ಟ್ರಾಫಿಕ್ ಕಡಿಮೆ ಇರುವ ಮಧ್ಯರಾತ್ರಿ ಮೇಲೆ, ನಿದ್ದೆ ಮೇಲೆ ಆಸೆ ಇರೋರು ಯೋಚಿಸಿ. ನಮ್ಮ ಕಾಮರ್ಸ್‌ನವರಿಗೆ ಪಕ್ಕದ ಬಾಗಿಲೊಂದಿದೆ: ರೆವೆನ್ಯೂ ಅಶ್ಯೂರೆನ್ಸ್. ನೆಟ್‌ವರ್ಕ್ ಬರೆದ ಚೀಟಿ ಎಷ್ಟು, ಬಿಲ್ ಆದದ್ದು ಎಷ್ಟು, ವ್ಯತ್ಯಾಸ ಎಲ್ಲಿ ಅಂತ ಹುಡುಕೋದು. ಈ ಸಾಫ್ಟ್‌ವೇರ್ ಮಾಡೋ ಸಬೆಕ್ಸ್ ನಮ್ಮ ಬೆಂಗಳೂರಿನ ಕಂಪನಿಯೇ. ಬ್ಯಾಂಕ್ ರೀಕನ್ಸಿಲಿಯೇಶನ್ ಸ್ಟೇಟ್‌ಮೆಂಟ್ ಬರೆದು ಗೊತ್ತಿದ್ರೆ ಕೆಲಸದ ಸ್ವಭಾವ ನಿಮಗೆ ಗೊತ್ತಿದೆ, ಸಾಲುಗಳು 40ರ ಬದಲು 40 ಕೋಟಿ ಇರ್ತವೆ ಅಷ್ಟೇ.

ಮುಂದಿನ ವಾರ ಸಿಮ್ ಕಾರ್ಡ್ ಒಳಗೆ ಏನಿದೆ ಅಂತ ನೋಡೋಣ. ಅಲ್ಲಿವರೆಗೆ, ಕಾಲ್ ಮುಗಿದ ಮೇಲೆ ಬರೋ ಆ ಬ್ಯಾಲೆನ್ಸ್ ಮೆಸೇಜನ್ನ ಕ್ಯಾನ್ಸಲ್ ಒತ್ತೋ ಮುಂಚೆ ಒಮ್ಮೆ ಓದಿ.