ಬೇಸಿಗೆಯಲ್ಲಿ ಈಯುವ ಹಸುವಿಗೆ ಹಸಿರು ಮೇವು

ಚಿತ್ರದುರ್ಗ ಜಿಲ್ಲೆಯಲ್ಲಿ ಹಳ್ಳಿಕಾರ್ ಮತ್ತು ಅಮೃತಮಹಲ್ ಹಸುಗಳನ್ನು ಸಾಕುವುದು ಹಾಲಿಗಿಂತ ಹೆಚ್ಚಾಗಿ ಹೋರಿಗರುವಿನ ಆಸೆಯಿಂದ. ಎರಡು ಮೂರು ಹಸುಗಳಿರುವ ಮನೆಯಲ್ಲಿ ಒಂದು ಕರು ಸತ್ತರೆ ದನಗಳಿಂದ ಬರಬೇಕಾದ ಆ ವರ್ಷದ ಆದಾಯವೇ ಹೋದಂತೆ. ಕರುವಿನ ಅಳಿವು ಉಳಿವು ಬಹುಮಟ್ಟಿಗೆ ನಿರ್ಧಾರವಾಗುವುದು ಹಸು ಈಯುವ ಮುಂಚಿನ ಎರಡು ತಿಂಗಳು ಮತ್ತು ಈದ ನಂತರದ ಎರಡು ಗಂಟೆಗಳಲ್ಲಿ.

ದಿನಗಳ ಲೆಕ್ಕ

ಹಸುವಿನ ಗರ್ಭಾವಧಿ ಸುಮಾರು 280 ದಿನ. ಮುಂಗಾರು ಬಿದ್ದು ಹುಲ್ಲು ಚಿಗುರಿ, ದನಗಳು ಮೈತುಂಬಿಕೊಂಡಾಗ ಬೆದೆಗೆ ಬರುವುದು ಸಹಜ. ಜುಲೈ 1ರಂದು ಗಬ್ಬವಾದ ಹಸು ಏಪ್ರಿಲ್ 7ರ ಸುಮಾರಿಗೆ ಈಯುತ್ತದೆ. ಅಂದರೆ ಹೊಟ್ಟೆಯೊಳಗಿನ ಕರು ವೇಗವಾಗಿ ಬೆಳೆಯುವ ಕಾಲ ಫೆಬ್ರವರಿ, ಮಾರ್ಚ್ ತಿಂಗಳುಗಳು. ಆ ವೇಳೆಗೆ ಹಿರಿಯೂರು, ಹೊಸದುರ್ಗದ ಕಡೆ ಗೋಮಾಳಗಳು ಒಣಗಿರುತ್ತವೆ. ಬಣವೆಯ ರಾಗಿ ಹುಲ್ಲು, ಜೋಳದ ಸೊಪ್ಪೆಯೇ ಗತಿ.

ಒಣ ಮೇವಿನ ಕೊರತೆ

ಒಣ ಹುಲ್ಲು ಹೊಟ್ಟೆ ತುಂಬಿಸುತ್ತದೆ. ಆದರೆ ಅದರಲ್ಲಿ ಕೆರೋಟಿನ್ ಅತ್ಯಲ್ಪ. ಹಸಿರು ಮೇವಿನಲ್ಲಿರುವ ಈ ಅಂಶದಿಂದಲೇ ದನಗಳಿಗೆ 'ಎ' ಜೀವಸತ್ವ ದೊರೆಯುವುದು. ಮಳೆಗಾಲದಲ್ಲಿ ತಿಂದ ಹಸಿರಿನಿಂದ ಪಿತ್ತಜನಕಾಂಗದಲ್ಲಿ ಸಂಗ್ರಹವಾದದ್ದು ಕೆಲವು ತಿಂಗಳಲ್ಲಿ ಮುಗಿಯುತ್ತದೆ. ನಂತರ ಹುಟ್ಟುವ ಕರು ದುರ್ಬಲವಾಗಿರಬಹುದು, ಕೆಲವೊಮ್ಮೆ ಕುರುಡಾಗಿಯೂ ಇರಬಹುದು. ಹಸುವಿನ ಸತ್ತೆ ಬೀಳದೆ ಉಳಿಯುವ ಸಂಭವವೂ ಹೆಚ್ಚು.

ಏನು ಮಾಡಬೇಕು?

ಈಯುವ ಮುಂಚಿನ 60 ದಿನ ದಿನಕ್ಕೆ 5 ಕಿ.ಗ್ರಾಂ. ಹಸಿರು ಮೇವಿನಂತೆ ಕೊಟ್ಟರೂ ಒಂದು ಹಸುವಿಗೆ ಬೇಕಾಗುವುದು ಕೇವಲ 300 ಕಿ.ಗ್ರಾಂ. ಹೊಳಲ್ಕೆರೆ, ಹೊಸದುರ್ಗದ ಅಡಿಕೆ, ತೆಂಗಿನ ತೋಟಗಳಲ್ಲಿ ನೀರು ಹರಿಯುವ ಬದಿಗೆ 2 ಗುಂಟೆಯಷ್ಟು ಹೈಬ್ರಿಡ್ ನೇಪಿಯರ್ ನೆಟ್ಟರೆ ಇದು ಸುಲಭವಾಗಿ ಸಿಗುತ್ತದೆ. ಖುಷ್ಕಿ ರೈತರು ಹೊಲದ ಬದುಗಳ ಮೇಲೆ ಸುಬಾಬುಲ್ ಬೆಳೆಸಬಹುದು. ಇದರ ಸೊಪ್ಪು ಒಟ್ಟು ಮೇವಿನ ಮೂರನೇ ಒಂದು ಭಾಗವನ್ನು ಮೀರಬಾರದು. ಮಳೆಗಾಲದಲ್ಲಿ ಮೆಕ್ಕೆಜೋಳದ ಹಸಿ ದಂಟನ್ನು ಕತ್ತರಿಸಿ, ಗಾಳಿಯಾಡದಂತೆ ಗುಂಡಿಯಲ್ಲಿ ತುಳಿದು ರಸಮೇವು ಮಾಡಿಟ್ಟರೆ ಬೇಸಿಗೆಗೆ ಒದಗುತ್ತದೆ. ಇವುಗಳ ಜೊತೆಗೆ ದಿನಕ್ಕೆ 1 ಕಿ.ಗ್ರಾಂ. ಹಿಂಡಿ-ಬೂಸ ಮತ್ತು 30 ಗ್ರಾಂ ಖನಿಜ ಮಿಶ್ರಣ ಕೊಡಿ. ಕರೆಯುವ ಹಸುವಾದರೆ ಈ ಎರಡು ತಿಂಗಳು ಹಾಲು ಬತ್ತಿಸಿರಬೇಕು.

ಈಯುವಾಗ

ಮೊದಲು ಎರಡು ಮುಂಗಾಲು, ಅವುಗಳ ಮೇಲೆ ಮೂತಿ ಕಾಣಿಸಿಕೊಂಡರೆ ಸಹಜ ಹೆರಿಗೆ. ಹಸುವಿನ ಪಾಡಿಗೆ ಬಿಡಿ. ನೀರಿನ ಚೀಲ ಒಡೆದು ಎರಡು ಗಂಟೆಯಾದರೂ ಕರು ಹೊರಬರದಿದ್ದರೆ, ಅಥವಾ ಒಂದೇ ಕಾಲು ಕಂಡರೆ, ಎಳೆದಾಡದೆ ಪಶುವೈದ್ಯರನ್ನು ಕರೆಸಿ. 1962 ಸಂಖ್ಯೆಗೆ ಕರೆ ಮಾಡಿಯೂ ನೆರವು ಕೇಳಬಹುದು. ಕರುವಿನ ಮೂಗು, ಬಾಯಿಯ ಲೋಳೆ ಒರೆಸಿ, ಹೊಕ್ಕುಳಿಗೆ ಟಿಂಚರ್ ಅಯೋಡಿನ್ ಹಚ್ಚಿ.

ಗಿಣ್ಣು ಹಾಲು ಕರುವಿಗೆ ಮೊದಲು

ಸತ್ತೆ ಬೀಳುವವರೆಗೂ ಕರುವನ್ನು ಕೆಚ್ಚಲಿಗೆ ಬಿಡದ ರೂಢಿ ಕೆಲವು ಮನೆಗಳಲ್ಲಿದೆ. ಇದು ಸರಿಯಲ್ಲ. ಸತ್ತೆ ಬೀಳಲು 8 ರಿಂದ 12 ಗಂಟೆ ಹಿಡಿಯಬಹುದು. ರೋಗನಿರೋಧಕ ಅಂಶಗಳನ್ನು ಗಿಣ್ಣಿನಿಂದ ಹೀರಿಕೊಳ್ಳುವ ಶಕ್ತಿ ಕರುವಿನ ಕರುಳಿಗೆ ಗಂಟೆಗಂಟೆಗೂ ಕುಗ್ಗುತ್ತಾ ಹೋಗಿ, ಒಂದು ದಿನದೊಳಗೆ ಇಲ್ಲವಾಗುತ್ತದೆ. ಹುಟ್ಟಿದ ಒಂದೆರಡು ಗಂಟೆಯೊಳಗೆ ಗಿಣ್ಣು ಕುಡಿಸಿ. 20 ಕಿ.ಗ್ರಾಂ. ತೂಗುವ ಕರುವಿಗೆ ಮೊದಲ ದಿನ 2 ಲೀಟರ್ ಬೇಕು. ಕರು ಚೀಪುವುದರಿಂದ ಗರ್ಭಕೋಶ ಸಂಕುಚಿಸಿ ಸತ್ತೆ ಬೀಳಲು ಸಹಾಯವಾಗುತ್ತದೆಯೇ ಹೊರತು ತೊಂದರೆಯಿಲ್ಲ. 12 ಗಂಟೆ ಕಳೆದರೂ ಬೀಳದಿದ್ದರೆ ಕೈಯಿಂದ ಎಳೆಯದೆ, ಕಲ್ಲು ಕಟ್ಟದೆ ವೈದ್ಯರಿಗೆ ತಿಳಿಸಿ.

ಹಸು ಗಬ್ಬವಾದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ಅಲ್ಲಿಂದ 220ನೇ ದಿನಕ್ಕೆ ಇನ್ನೊಂದು ಗುರುತು ಹಾಕಿ. ಹಸಿರು ಮೇವು ಕೈಯಲ್ಲಿರಬೇಕಾದದ್ದು ಆ ದಿನದಿಂದ.