ಹೋದವರ ಹಿಂದೆ ಉಳಿದ ಮುಖ

ಕಾಯುವುದನ್ನು ನನಗೆ ಕಲಿಸಿದವರು ಯಲ್ಲಾಪುರದ ಕಾಡಂಚಿನ ಒಬ್ಬ ಹಿರಿಯರು, ಆಫ್ರಿಕ ಮೂಲದ ಸಿದ್ದಿ ಸಮುದಾಯದವರು. ಮಂಗಟ್ಟೆಯ ಗೂಡಿದ್ದ ಮರದೆದುರು ಬೆಳಗಿನ ಜಾವದಿಂದ ಕೂತಿದ್ದೆವು. ಪೊಟರೆಯ ಬಾಯನ್ನು ಮೆತ್ತಿಕೊಂಡು ಹೆಣ್ಣು ಒಳಗೇ ಇತ್ತು. ಗಂಡು ಬಂತು, ಸೀಳಿನಲ್ಲಿ ಒಂದೊಂದೇ ಹಣ್ಣು ದಾಟಿಸಿತು, ರೆಕ್ಕೆಯ ಸದ್ದು ಮಾಡುತ್ತ ಹೋಯಿತು. ನಾನು ಹೊತ್ತು ಬರೆದುಕೊಂಡು ಏಳಹೊರಟೆ. ಅವರು ತೋಳು ಹಿಡಿದು ಕೂರಿಸಿದರು. "ಹೋಗೂದನ್ನ ಎಲ್ಲರೂ ನೋಡ್ತಾರೆ. ಹೋದ ಮೇಲೆ ಉಳೀತದಲ್ಲ, ಅದನ್ನ ನೋಡಿ" ಅಂದರು. ತುಸು ಹೊತ್ತಿಗೆ ಸೀಳಿನಿಂದ ಕೊಕ್ಕಿನ ತುದಿ ಹೊರಬಂದು ಹಾಗೇ ನಿಂತಿತು. ಆ ಪಾಠ ಕಾಡಿನಾಚೆಗೂ ಬಳಕೆಗೆ ಬರುತ್ತದೆಂದು ತಿಳಿಯಲು ನನಗೆ ಬಹಳ ವರ್ಷ ಬೇಕಾಯಿತು.

2025ರ ಫೆಬ್ರುವರಿ. ನ್ಯೂಜೆರ್ಸಿಯಲ್ಲಿ ಮಗಳ ಮನೆ. ಹಿಂದಿನ ಅಂಗಳದಲ್ಲಿ ಮೊಣಕಾಲೆತ್ತರ ಹಿಮ. ಕಿಟಕಿಯಾಚೆ ಕಾಳಿನ ತಟ್ಟೆ ತೂಗುಹಾಕಿದ್ದೆ. ಕೆಂಪು ಕಾರ್ಡಿನಲ್ ಜೋಡಿ ನಸುಕಿನಲ್ಲೂ ಮುಸ್ಸಂಜೆಯಲ್ಲೂ ಬರುತ್ತಿತ್ತು. ಬೂದು ಬೆನ್ನಿನ ಜುಂಕೋಗಳು ಕೆಳಗೆ ಬಿದ್ದ ಕಾಳನ್ನು ಹೆಕ್ಕುತ್ತಿದ್ದವು. ಮಧ್ಯಾಹ್ನದ ಹೊತ್ತು ಅಂಗಳ ಖಾಲಿ, ಮನೆಯೂ ಖಾಲಿ. ಮಗಳು ಅಳಿಯ ಕೆಲಸಕ್ಕೆ, ಮೊಮ್ಮಗ ಶಾಲೆಗೆ. ಆಗ ಟಿವಿ ಹಾಕುತ್ತಿದ್ದೆ. ಸಿಬಿಎಸ್‌ನಲ್ಲಿ 12.30ಕ್ಕೆ ದಿ ಯಂಗ್ ಅಂಡ್ ದಿ ರೆಸ್ಟ್‌ಲೆಸ್, 1.30ಕ್ಕೆ ದಿ ಬೋಲ್ಡ್ ಅಂಡ್ ದಿ ಬ್ಯೂಟಿಫುಲ್ ಧಾರಾವಾಹಿ. ಎರಡನೆಯದು ನನಗೆ ಹಳೆಯ ಪರಿಚಯ. ತೊಂಬತ್ತರ ದಶಕದಲ್ಲಿ ಕೇಬಲ್ ಬಂದಾಗ ಸ್ಟಾರ್ ಪ್ಲಸ್‌ನಲ್ಲಿ ಅದನ್ನು ಬೀದಿಗೆ ಬೀದಿಯೇ ನೋಡುತ್ತಿತ್ತು. ಅಂದಿನ ಮುಖಗಳಲ್ಲಿ ಹಲವು ಇನ್ನೂ ನೆನಪಿವೆ. ಅವುಗಳಲ್ಲಿ ಕಪ್ಪು ಗಂಡಸಿನದು ಒಂದೂ ಇಲ್ಲ. ಈ ಸಲ ಟಿಪ್ಪಣಿ ಪುಸ್ತಕ ಹಿಡಿದು ಆ ಮುಖವನ್ನೇ ಹುಡುಕುತ್ತ ಕೂತೆ.

ಒಂದು ಮಾತನ್ನು ಮೊದಲೇ ಹೇಳಬೇಕು. ಮನುಷ್ಯರನ್ನು ಹಕ್ಕಿಗಳಂತೆ ನೋಡಲು ನಾನು ಕೂತಿರಲಿಲ್ಲ. ಕಪ್ಪುಜನರನ್ನು ಪ್ರಾಣಿಗಳ ಸಾಲಿನಲ್ಲಿಟ್ಟು ಅಳೆದು ತೂಗಿದ ಹೇಯ ಚರಿತ್ರೆ ನಿಸರ್ಗ ವಿಜ್ಞಾನಕ್ಕಿದೆ. ಆ ನಾಚಿಕೆ ಹಕ್ಕಿ ನೋಡುವ ನಮ್ಮ ಕಸುಬಿನದೂ ಹೌದು. ನನ್ನ ಪುಸ್ತಕದಲ್ಲಿ ನಾನು ಗುರುತು ಹಾಕಿಕೊಂಡದ್ದು ಕಥೆಯ ಕಣ್ಣನ್ನು. ಅದು ಎಲ್ಲಿ ನಿಲ್ಲುತ್ತದೆ, ಯಾರನ್ನು ದಾಟಿ ಹೋಗುತ್ತದೆ ಎಂಬುದನ್ನು.

ಧಾರಾವಾಹಿಯ ದೃಶ್ಯಗಳೆಲ್ಲ ಹೆಚ್ಚುಕಡಿಮೆ ಒಂದೇ ರೀತಿ ಮುಗಿಯುತ್ತವೆ. ಕೋಣೆಯಲ್ಲಿ ಇಬ್ಬರು. ಮಾತು ಏರುತ್ತದೆ. ಒಬ್ಬರು ಬಾಗಿಲು ಹಾಕಿಕೊಂಡು ಹೋಗುತ್ತಾರೆ. ಕ್ಯಾಮೆರಾ ಉಳಿದವರ ಮುಖದ ಮೇಲೆ ಎರಡು ಮೂರು ಸೆಕೆಂಡು ನಿಲ್ಲುತ್ತದೆ, ಸಂಗೀತ ಏಳುತ್ತದೆ, ಜಾಹೀರಾತು ಬರುತ್ತದೆ. ನಮ್ಮ ಸಂಜೆಯ ಧಾರಾವಾಹಿ ನೋಡುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆ ಎರಡು ಮೂರು ಸೆಕೆಂಡು ಯಾರದೋ ಕಥೆಯೂ ಅವರದೇ. ಮಾತಿಲ್ಲದೆ ಆ ಮುಖ ಏನನ್ನೋ ನುಂಗಿಕೊಳ್ಳುತ್ತದೆ. ನಾಳೆ ಏನು ಮಾಡುತ್ತಾನೋ ಎಂದು ನಾವು ಕಾಯುತ್ತೇವೆ. ನನ್ನ ಪುಟದಲ್ಲಿ ಎರಡೇ ಕಾಲಂ ಗೀಚಿಕೊಂಡೆ: ಹೋದವರು, ಉಳಿದ ಮುಖ.

ಬೋಲ್ಡ್ ಅಂಡ್ ಬ್ಯೂಟಿಫುಲ್‌ನಲ್ಲಿ ಕಾರ್ಟರ್ ವಾಲ್ಟನ್ ಎಂಬ ವಕೀಲನಿದ್ದಾನೆ. ಲಾರೆನ್ಸ್ ಸೇಂಟ್ ವಿಕ್ಟರ್ 2013ರಿಂದ ಮಾಡುತ್ತಿರುವ ಪಾತ್ರ. ಎತ್ತರದ ಆಳು, ಸೌಮ್ಯ ದನಿ. ಫಾರೆಸ್ಟರ್ ಮನೆತನದ ಫ್ಯಾಷನ್ ಕಂಪನಿಯ ಕಾಗದಪತ್ರವೆಲ್ಲ ಅವನ ಕೈಯಲ್ಲಿ. ಮದುವೆ ಮಾಡಿಸುವ ಅಧಿಕಾರವೂ ಉಂಟು. ಹಾಗಾಗಿ ವರ್ಷಗಟ್ಟಲೆ ಅವನು ಮಾಡಿದ್ದು ಅದನ್ನೇ, ಉಳಿದವರ ಮದುವೆ ಮಾಡಿಸುವುದನ್ನು. ಮೊಮ್ಮಗ ಹಳೆಯ ತುಣುಕುಗಳನ್ನು ಕಂಪ್ಯೂಟರಿನಲ್ಲಿ ಹುಡುಕಿಕೊಟ್ಟ. ವಧು ಇತ್ತ, ವರ ಅತ್ತ, ನಡುವೆ ಹೊತ್ತಿಗೆ ಹಿಡಿದ ಕಾರ್ಟರ್. ಚೌಕಟ್ಟಿನ ನಟ್ಟನಡುವೆ ಇದ್ದಾನೆ, ಆದರೂ ಕಣ್ಣು ಅವನ ಭುಜದ ಮೇಲಿಂದ ಹಾದು ವಧುವಿನ ಮೇಲೆ, ಅಲ್ಲಿಂದ ಬಾಗಿಲಲ್ಲಿ ಬಂದು ನಿಂತ ಹಳೆಯ ಪ್ರೇಮಿಯ ಮೇಲೆ. ಅವನಿಗೂ ಪ್ರೀತಿಯ ಕಥೆಗಳು ಸಿಕ್ಕಿದ್ದುಂಟು. ಆದರೆ ಕ್ಯಾಮೆರಾ ಅವನ ಮುಖದ ಮೇಲೆ ದಿನವೂ ನಿಂತದ್ದನ್ನು ನಾನು ಕಂಡದ್ದು ಆ ಚಳಿಗಾಲದಲ್ಲಿ, ಅವನು ಆ ಮನೆತನದ ಕೈಯಿಂದ ಕಂಪನಿಯನ್ನೇ ಕಿತ್ತುಕೊಂಡಾಗ. ತಪ್ಪು ಮಾಡಿದ ಮೇಲೆ ಅವನಿಗೊಂದು ಒಳಗು ಬಂತು.

ಧಾರಾವಾಹಿ ಕಸುಬಿನವರಲ್ಲಿ ಒಂದು ಮಾತಿದೆ: ಫ್ರಂಟ್ ಬರ್ನರ್, ಬ್ಯಾಕ್ ಬರ್ನರ್. ಮುಖ್ಯ ಕಥೆ ಮುಂದಿನ ಒಲೆಯಲ್ಲಿ ಕುದಿಯುತ್ತದೆ, ಉಳಿದವರು ಹಿಂದಿನದರಲ್ಲಿ. ನಮ್ಮ ಅಡುಗೆಮನೆಯ ಕೋಡೊಲೆ ಇದಕ್ಕಿಂತ ಸರಿಯಾಗಿ ಹೊಂದುತ್ತದೆ. ಕೋಡೊಲೆಗೆ ತನ್ನದೇ ಕಟ್ಟಿಗೆ ಇರುವುದಿಲ್ಲ. ಮುಂದಿನ ಒಲೆಯ ಬೆಂಕಿಯಲ್ಲಿ ಮಿಕ್ಕ ಕಾವಷ್ಟೇ ಅದರ ಪಾಲು. ಅಮೆರಿಕದ ಸೋಪ್ ಒಪೆರಾಗಳಲ್ಲಿ ಕಪ್ಪು ಗಂಡಸು ದಶಕಗಳ ಕಾಲ ಕೋಡೊಲೆಯ ಮೇಲೆ ಕೂತ.

ಅವನು ಬಂದ ದಾರಿಯನ್ನು ಹಿಂದಕ್ಕೆ ಹಿಡಿದು ಹೋದೆ. 1960ರ ದಶಕದ ನಡುವಿನಲ್ಲಿ ಗೈಡಿಂಗ್ ಲೈಟ್‌ಗೆ ಡಾಕ್ಟರ್ ಜಿಮ್ ಫ್ರೇಜಿಯರ್ ಬಂದ. ಆ ಪಾತ್ರವನ್ನು ಬಿಲ್ಲಿ ಡೀ ವಿಲಿಯಮ್ಸ್, ಜೇಮ್ಸ್ ಅರ್ಲ್ ಜೋನ್ಸ್ ಇಬ್ಬರೂ ಮಾಡಿದ್ದರು. ಒನ್ ಲೈಫ್ ಟು ಲಿವ್‌ನಲ್ಲಿ ಪೊಲೀಸ್ ಅಧಿಕಾರಿ ಎಡ್ ಹಾಲ್. ಅದನ್ನು ಮಾಡಿದ ಆಲ್ ಫ್ರೀಮನ್ ಜೂನಿಯರ್‌ಗೆ 1979ರಲ್ಲಿ ಡೇಟೈಮ್ ಎಮ್ಮಿ ಪ್ರಶಸ್ತಿ ಬಂತು. ಎಪ್ಪತ್ತರ ದಶಕದ ಆಲ್ ಮೈ ಚಿಲ್ಡ್ರನ್‌ನಲ್ಲಿ ಡಾಕ್ಟರ್ ಫ್ರಾಂಕ್ ಗ್ರಾಂಟ್. 1981ರಿಂದ ಡೇಸ್ ಆಫ್ ಅವರ್ ಲೈವ್ಸ್‌ನಲ್ಲಿ ಪೊಲೀಸ್ ಏಬ್ ಕಾರ್ವರ್. ವೈದ್ಯ, ಪೊಲೀಸ್, ವಕೀಲ, ಮದುವೆ ಮಾಡಿಸುವವ: ಎಲ್ಲರೂ ಗೌರವಸ್ಥರು, ಎಲ್ಲರೂ ಬೇರೆಯವರ ಕಷ್ಟದ ದಿನ ಬಾಗಿಲು ತಟ್ಟುವವರು. ಬಿಳಿಯರ ದಿವಾನಖಾನೆಗೆ ಬರಲು ಅವರಿಗೊಂದು ಕಾರಣ ಬೇಕಿತ್ತು, ಸ್ಟೆತಾಸ್ಕೋಪೋ ಬ್ಯಾಡ್ಜೋ. ಕೇಳಬೇಕಾದ್ದನ್ನು ಕೇಳಿ, ಹೇಳಬೇಕಾದ್ದನ್ನು ಹೇಳಿ ಹೊರಡುತ್ತಿದ್ದರು. ನನ್ನ ಮೊದಲ ಕಾಲಂ ತುಂಬಿದ್ದು ಅವರಿಂದಲೇ.

ಏಬ್ ಕಾರ್ವರ್ ವಿಷಯ ಸ್ವಲ್ಪ ನಿಂತು ನೋಡುವಂಥದ್ದು. ಜೇಮ್ಸ್ ರೆನಾಲ್ಡ್ಸ್ ನಲವತ್ತು ವರ್ಷಕ್ಕೂ ಮೀರಿ ಈ ಪಾತ್ರವನ್ನು ಹೊತ್ತಿದ್ದಾರೆ. ಏಬ್ ಪೊಲೀಸ್ ಮುಖ್ಯಸ್ಥನಾದ, ಕಥೆ ನಡೆಯುವ ಸೇಲಂ ಊರಿನ ಮೇಯರ್ ಆದ. ಅವನ ಮಗ ಥಿಯೋಗೆ ಆಟಿಸಂ. 2017ರ ಕೊನೆಯಲ್ಲಿ ಜೆಜೆ ಎಂಬ ಬಿಳಿಯ ಯುವ ಪೊಲೀಸನ ಗುಂಡು ಥಿಯೋಗೆ ತಗಲುತ್ತದೆ. ಹುಡುಗನ ಕೈಯಲ್ಲಿ ಬಂದೂಕಿರಲಿಲ್ಲ. ದೇಶದ ಬೀದಿಗಳಲ್ಲಿ ನಿಜವಾಗಿ ನಡೆಯುತ್ತಿದ್ದುದನ್ನು ಮಧ್ಯಾಹ್ನದ ಕಥೆಯೊಳಗೆ ತಂದ ಬರಹಗಾರರ ಧೈರ್ಯ ದೊಡ್ಡದು. ಆಸ್ಪತ್ರೆಯ ಹಾಸಿಗೆ ಪಕ್ಕದ ರೆನಾಲ್ಡ್ಸ್ ಮುಖವನ್ನು ನಾನು ಎರಡು ಸಲ ನೋಡಿದೆ. ಬದುಕಿಡೀ ಆ ಸಮವಸ್ತ್ರದ ಪರ ನಿಂತ ಮನುಷ್ಯ ಈಗ ಅದನ್ನು ಯಾವ ಕಣ್ಣಿನಿಂದ ನೋಡಬೇಕು? ಮರುವರ್ಷ, 2018ರಲ್ಲಿ, ಅವರಿಗೆ ಶ್ರೇಷ್ಠ ನಾಯಕನಟ ಎಮ್ಮಿ ಬಂತು. ಆದರೆ ವಾರಗಳು ಉರುಳಿದಂತೆ ಕ್ಯಾಮೆರಾ ಮೆಲ್ಲಗೆ ಜಾಗ ಬದಲಿಸಿತು. ಗುಂಡು ಹೊಡೆದವನ ಪಶ್ಚಾತ್ತಾಪ, ಅವನು ಸಾಯಲು ಹೊರಟದ್ದು, ಅವನನ್ನು ಉಳಿಸಿಕೊಂಡದ್ದು. ಥಿಯೋ ಚಿಕಿತ್ಸೆಗೆಂದು ದಕ್ಷಿಣ ಆಫ್ರಿಕಕ್ಕೆ ಹೋದ. ಹೋದವನು ಗುಂಡು ತಿಂದವನು; ಉಳಿದ ಮುಖ ಹೊಡೆದವನದು. ಜೆಜೆಯ ನೋವು ಸುಳ್ಳೆಂದು ನಾನು ಹೇಳುತ್ತಿಲ್ಲ. ಆದರೆ ತಂದೆಯ ಸಿಟ್ಟಿಗೆ ಅಷ್ಟೇ ದಿನಗಳು ಸಿಗಬೇಕಿತ್ತು.

ಚಾಡ್ವಿಕ್ ಬೋಸ್‌ಮನ್ ಹೆಸರು ನಮ್ಮ ಹುಡುಗರಿಗೂ ಗೊತ್ತು, ಬ್ಲ್ಯಾಕ್ ಪ್ಯಾಂಥರ್‌ನ ರಾಜ. 2003ರಲ್ಲಿ ಅವರಿಗೆ ಆಲ್ ಮೈ ಚಿಲ್ಡ್ರನ್‌ನಲ್ಲಿ ರೆಜ್ಜಿ ಎಂಬ ಹದಿಹರೆಯದ ಹುಡುಗನ ಪಾತ್ರ ಸಿಕ್ಕಿತ್ತು. ಬೀದಿಯ ಪುಂಡರ ಸಹವಾಸದಲ್ಲಿದ್ದವನು. ಇವನ ಅಪ್ಪ ಅಮ್ಮ ಯಾರು, ಎಲ್ಲಿದ್ದಾರೆ ಎಂದು ಬೋಸ್‌ಮನ್ ಮೇಲಿನವರನ್ನು ಕೇಳಿದರು. ಅಪ್ಪ ಬಿಟ್ಟುಹೋಗಿದ್ದಾನೆ, ಅಮ್ಮ ಹೆರಾಯಿನ್ ಚಟಕ್ಕೆ ಬಿದ್ದಿದ್ದಾಳೆ ಎಂಬ ಉತ್ತರ ಬಂತು. ಅದು ಸಿದ್ಧ ಅಚ್ಚಿನ ಚಿತ್ರವಲ್ಲವೇ ಎಂದು ಆಕ್ಷೇಪಿಸಿದ್ದಕ್ಕೆ ಕೆಲಸ ಹೋಯಿತೆಂದು 2019ರಲ್ಲಿ ಅವರೇ ಹೇಳಿಕೊಂಡರು. ಆ ಜಾಗಕ್ಕೆ ಬಂದವರು ಮೈಕೆಲ್ ಬಿ. ಜೋರ್ಡನ್. ರೆಜ್ಜಿಯನ್ನು ಕಥೆಯಲ್ಲಿ ಒಬ್ಬ ಬಿಳಿಯ ವಕೀಲ ದತ್ತು ತೆಗೆದುಕೊಂಡ. ಮುಂದೆ ಬ್ಲ್ಯಾಕ್ ಪ್ಯಾಂಥರ್‌ನಲ್ಲಿ ಬೋಸ್‌ಮನ್, ಜೋರ್ಡನ್ ಇಬ್ಬರೂ ಎದುರುಬದುರಾದರು. ಬೋಸ್‌ಮನ್ ಎತ್ತಿದ ಪ್ರಶ್ನೆ ಎಷ್ಟು ಸಣ್ಣದು ನೋಡಿ. ಈ ಹುಡುಗನಿಗೆ ಅಮ್ಮ ಇದ್ದಾಳೆಯೇ? ಯಾವ ಜೀವವನ್ನು ಗಮನಿಸಲು ಹೊರಟರೂ ಎಲ್ಲಿ ಹುಟ್ಟಿತು, ಯಾರು ಸಾಕಿದರು ಎಂದೇ ನಾವು ಶುರುಮಾಡುವುದು.

ನನ್ನ ಎರಡನೆಯ ಕಾಲಂನಲ್ಲಿ ಒಂದು ಹೆಸರು ಮತ್ತೆ ಮತ್ತೆ ಬಂದಿದೆ: ನೀಲ್ ವಿಂಟರ್ಸ್. ಕ್ರಿಸ್ಟಾಫ್ ಸೇಂಟ್ ಜಾನ್ 1991ರಲ್ಲಿ ಈ ಪಾತ್ರವಾಗಿ ಯಂಗ್ ಅಂಡ್ ದಿ ರೆಸ್ಟ್‌ಲೆಸ್‌ಗೆ ಬಂದರು. ಅದಕ್ಕೂ ಮೊದಲು ಎನ್‌ಬಿಸಿಯ ಜನರೇಷನ್ಸ್‌ನಲ್ಲಿದ್ದರು. ಕಪ್ಪು ಕುಟುಂಬವೊಂದನ್ನು ಮೊದಲ ದಿನದಿಂದಲೇ ಕಥೆಯ ಕೇಂದ್ರದಲ್ಲಿಟ್ಟ ಆ ಧಾರಾವಾಹಿ 1989ರಲ್ಲಿ ಹುಟ್ಟಿ 1991ರ ಜನವರಿಗೆ ಕಣ್ಮುಚ್ಚಿತು. ನೀಲ್ ಸೂಟು ತೊಟ್ಟ ಅಧಿಕಾರಿ. ಅಷ್ಟಕ್ಕೇ ನಿಂತಿದ್ದರೆ ಅವನೂ ಬಾಗಿಲು ತಟ್ಟುವವರ ಸಾಲಿಗೆ ಸೇರುತ್ತಿದ್ದ. ಆದರೆ ಅವನಿಗೆ ಮನೆ ಸಿಕ್ಕಿತು. ಓದು ಬಾರದೆ ಊರಿಗೆ ಬಂದು ಮಾಡೆಲ್ ಆದ ಡ್ರುಸಿಲ್ಲಾ ಹೆಂಡತಿಯಾದಳು. ತಮ್ಮ ಮಾಲ್ಕಮ್ ಬಂದ. ಮಗಳು ಲಿಲಿ ಹುಟ್ಟಿದಳು. ಅವಳು ತನ್ನ ರಕ್ತವಲ್ಲ, ಮಾಲ್ಕಮ್‌ನ ಮಗಳು ಎಂದು ಎಷ್ಟೋ ವರ್ಷದ ಮೇಲೆ ಗೊತ್ತಾಯಿತು. ಬಿಟ್ಟಿದ್ದ ಕುಡಿತ ಅವನನ್ನು ಪದೇ ಪದೇ ಹಿಡಿಯಿತು. ಸಣ್ಣತನವಿತ್ತು, ಅಹಂಕಾರವಿತ್ತು, ಕ್ಷಮೆಯೂ ಇತ್ತು.

2014ರಲ್ಲಿ ವಿದ್ಯುತ್ ಆಘಾತದಿಂದ ನೀಲ್ ಕಣ್ಣು ಕಳೆದುಕೊಳ್ಳುತ್ತಾನೆ. ಮುಂದೆ ದೃಷ್ಟಿ ಮರಳಿದಾಗ ಯಾರಿಗೂ ಹೇಳುವುದಿಲ್ಲ. ಹೆಂಡತಿ ಹಿಲರಿ ಮತ್ತು ದತ್ತುಮಗ ಡೆವನ್ ನಡುವಿನ ಗುಟ್ಟಿನ ಪ್ರೀತಿ ಅವನೆದುರಿಗೇ ನಡೆಯುತ್ತದೆ. ಕುರುಡನ ಮುಂದೆ ಮುಚ್ಚುಮರೆ ಯಾಕೆ? ಆ ಕಂತುಗಳಲ್ಲಿ ಸೇಂಟ್ ಜಾನ್ ಮುಖವನ್ನು ಹತ್ತಿರದಿಂದ ನೋಡಬೇಕು. ಕಣ್ಣು ಎಲ್ಲೂ ನಿಲ್ಲಬಾರದು, ಆದರೆ ಎಲ್ಲವನ್ನೂ ನೋಡಬೇಕು. ದವಡೆಯ ಸ್ನಾಯು ಒಂದು ಎಳೆಯಷ್ಟು ಬಿಗಿಯುತ್ತದೆ, ಮತ್ತೆ ಸಡಿಲುತ್ತದೆ. ಅವರಿಬ್ಬರೂ ಎದ್ದುಹೋಗುತ್ತಾರೆ. ಕ್ಯಾಮೆರಾ ಹೋಗುವುದಿಲ್ಲ. ಈಗ ಆ ಕಣ್ಣುಗಳು ನೇರವಾಗಿ ಬಾಗಿಲಿನತ್ತ ತಿರುಗುತ್ತವೆ. ನಾನು ಪೆನ್ನು ಕೆಳಗಿಟ್ಟೆ. 2014ರ ಕೊನೆಗೆ ಆ ನಟ ನಿಜಬದುಕಿನಲ್ಲಿ ತಮ್ಮ ಮಗನನ್ನು ಕಳೆದುಕೊಂಡಿದ್ದರು. ಅವರು 2019ರ ಫೆಬ್ರುವರಿ 3ರಂದು, 52ನೇ ವಯಸ್ಸಿನಲ್ಲಿ ತೀರಿಕೊಂಡರು. ಧಾರಾವಾಹಿ ನೀಲ್‌ಗೂ ಸಾವು ಬರೆದು, ಏಪ್ರಿಲ್‌ನಲ್ಲಿ ಅವನ ಅಂತ್ಯಸಂಸ್ಕಾರವನ್ನು ತೋರಿಸಿತು. ಮಾಲ್ಕಮ್ ಆಗಿದ್ದ ಶೆಮಾರ್ ಮೂರ್ ಅದಕ್ಕೆಂದೇ ಮರಳಿ ಬಂದರು. ಅಲ್ಲಿ ಅತ್ತವರು ನಟಿಸುತ್ತಿರಲಿಲ್ಲ ಎಂಬುದು ಯಾರಿಗಾದರೂ ತಿಳಿಯುತ್ತದೆ.

ಮಾರ್ಚ್ ಮೊದಲ ವಾರ. ಹಿಮ ಕರಗಿ ಅಂಗಳದಲ್ಲಿ ರಾಬಿನ್‌ಗಳು ಇಳಿದಿವೆ. ದುರ್ಬೀನು ಹಿಡಿದು ಪಾರ್ಕಿಗೆ ಹೋದಾಗಲೆಲ್ಲ ನನಗೆ ಕ್ರಿಶ್ಚಿಯನ್ ಕೂಪರ್ ನೆನಪು. 2020ರ ಮೇ 25ರಂದು ಹಡ್ಸನ್ ನದಿಯಾಚೆಯ ಸೆಂಟ್ರಲ್ ಪಾರ್ಕಿನಲ್ಲಿ ಅವರು ಹಕ್ಕಿ ನೋಡುತ್ತಿದ್ದರು. ನಾಯಿಗೆ ಹಗ್ಗ ಕಟ್ಟಿ ಎಂದು ಒಬ್ಬ ಬಿಳಿಯ ಮಹಿಳೆಗೆ ಹೇಳಿದರು. ಕಪ್ಪು ಗಂಡಸೊಬ್ಬ ಬೆದರಿಸುತ್ತಿದ್ದಾನೆಂದು ಆಕೆ ಪೊಲೀಸರಿಗೆ ಫೋನು ಮಾಡಿದರು. ಅದೇ ದಿನ ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಪೊಲೀಸನ ಮೊಣಕಾಲಿನಡಿ ಸತ್ತರು. ನನ್ನ ಕೊರಳಿನಲ್ಲಿದ್ದಂಥದೇ ದುರ್ಬೀನು ಕೂಪರ್ ಕೊರಳಿನಲ್ಲೂ ಇತ್ತು. ಆಕೆಯ ಕಣ್ಣಿಗೆ ಅದು ಬೀಳಲಿಲ್ಲ. ಕೂಪರ್ ಮುಂದೆ ಟಿವಿಯಲ್ಲಿ ಹಕ್ಕಿಗಳ ಕಾರ್ಯಕ್ರಮ ನಡೆಸಿಕೊಟ್ಟರು. 2024ರಲ್ಲಿ ಅವರಿಗೂ ಡೇಟೈಮ್ ಎಮ್ಮಿ ಬಂತು.

ನಾನು ನ್ಯೂಜೆರ್ಸಿಯಲ್ಲಿದ್ದಾಗಲೇ, ಫೆಬ್ರುವರಿ 24ರ ಸೋಮವಾರ ಮಧ್ಯಾಹ್ನ ಎರಡಕ್ಕೆ ಬಿಯಾಂಡ್ ದಿ ಗೇಟ್ಸ್ ಶುರುವಾಯಿತು. ಬರೆದು ಕಟ್ಟಿದವರು ಮಿಷೆಲ್ ವಾಲ್ ಜೀನ್. 1999ರ ಪ್ಯಾಷನ್ಸ್ ಬಳಿಕ ಅಮೆರಿಕದ ದೊಡ್ಡ ವಾಹಿನಿಯೊಂದರಲ್ಲಿ ಬಂದ ಮೊದಲ ಹೊಸ ಹಗಲು ಧಾರಾವಾಹಿ. ಕಪ್ಪು ಸಿರಿವಂತ ಡುಪ್ರೀ ಮನೆತನವೇ ಅದರ ನಡುಮನೆ. ಅಜ್ಜ ವರ್ನನ್ ಮಾಜಿ ಸೆನೆಟರ್, ಪಾತ್ರಧಾರಿ ಕ್ಲಿಫ್ಟನ್ ಡೇವಿಸ್. ಅಳಿಯನಾಗಿದ್ದ ವಕೀಲ ಬಿಲ್, ಹೆಂಡತಿಯನ್ನು ಬಿಟ್ಟು ಮಗಳ ಗೆಳತಿಯನ್ನೇ ಮದುವೆಯಾಗುವವನು. ಇನ್ನೊಬ್ಬ ಅಳಿಯ ಟೆಡ್ ವೈದ್ಯ. ಅವನ ಹೊಟ್ಟೆಯಲ್ಲೂ ಒಂದು ಹಳೆಯ ಗುಟ್ಟಿದೆ. ಬಿಲ್‌ನ ಮೇಲೆ ನನಗೆ ಸಿಟ್ಟು ಬಂತು, ಬರಬೇಕಾದ್ದೇ. ಆದರೆ ಅವನ ಹೀನತನ ಅವನ ಜನರ ಲೆಕ್ಕಕ್ಕೆ ಜಮೆಯಾಗುವುದಿಲ್ಲ. ಪಕ್ಕದ ಕೋಣೆಯಲ್ಲಿ ವರ್ನನ್ ಇದ್ದಾನೆ, ಆಚೆ ಕೋಣೆಯಲ್ಲಿ ಇನ್ನೊಬ್ಬನಿದ್ದಾನೆ. ಒಬ್ಬನೇ ಇದ್ದಾಗ ಅವನು ಎಲ್ಲರನ್ನೂ ಹೊರಬೇಕಿತ್ತು. ಮೂರನೆಯ ವಾರಕ್ಕೆ ನನ್ನ ಎರಡು ಕಾಲಂಗಳ ನಡುವಿನ ಗೆರೆ ಕೆಲಸಕ್ಕೆ ಬಾರದಾಯಿತು. ಬಾಗಿಲು ಹಾಕಿಕೊಂಡು ಹೋದವನೂ ಕಪ್ಪು, ಉಳಿದ ಮುಖವೂ ಕಪ್ಪು. ನಾನು ಕಥೆ ನೋಡತೊಡಗಿದೆ.

ಏಪ್ರಿಲ್ ನಡುವಿಗೆ ಜುಂಕೋಗಳು ಉತ್ತರಕ್ಕೆ ಹೊರಟವು. ನಾನೂ ಹೊರಟೆ.

ಮೇ ತಿಂಗಳಲ್ಲಿ ಯಲ್ಲಾಪುರಕ್ಕೆ ಹೋದೆ. ಹಿರಿಯರು ಈಗಿಲ್ಲ. ಅವರ ಹೆಂಡತಿ ಜಗುಲಿಯಲ್ಲಿ ಕೂತು, ಅಂಗೈಗೆ ಎಣ್ಣೆ ಸವರಿಕೊಂಡು ಹಲಸಿನಕಾಯಿ ಬಿಡಿಸುತ್ತಿದ್ದರು. ಒಳಗಿನ ಟಿವಿ ಬಾಗಿಲ ಕಡೆಗೆ ತಿರುಗಿತ್ತು. ನೀನಾಸಂನಲ್ಲಿ ಕಲಿತ ಪ್ರಶಾಂತ್ ಸಿದ್ದಿಯನ್ನು ಸಿನಿಮಾದಲ್ಲಿ ಕಂಡರೆ ಆ ಮನೆಯವರೆಲ್ಲ ಟಿವಿ ಮುಂದೆ ಓಡಿಬರುತ್ತಾರಂತೆ. ಧಾರಾವಾಹಿಯಲ್ಲಿ ತಮ್ಮವರನ್ನು ಕಂಡದ್ದುಂಟೇ ಎಂದು ಕೇಳಿದೆ. ಅವರು ತಲೆಯಾಡಿಸಿ, "ಸುಮ್ನೆ ಕೂತ್ಕಳಿ, ಶುರುವಾತು" ಅಂದರು. ಪರದೆಯ ಮೇಲೆ ಅತ್ತೆ ಏನೋ ಚುಚ್ಚಿ ಮಾತಾಡಿ ಹೊರಟುಹೋದಳು. ಸೊಸೆಯ ಬೆಳ್ಳನೆ ಮುಖದ ಮೇಲೆ ಕ್ಯಾಮೆರಾ ನಿಂತಿತು. ಬಿಡಿಸುತ್ತಿದ್ದ ಕೈಯೂ ನಿಂತಿತು. ಅರ್ಧ ಬಿಟ್ಟ ತೊಳೆ ಬೆರಳಲ್ಲೇ ಇತ್ತು, ಅದರ ಮೇಣ ಎಳೆಯಾಗಿ ಮೊರದವರೆಗೆ ಇಳಿದಿತ್ತು. ಟಿವಿಯ ಬೆಳಕು ಆಕೆಯ ಮುಖದ ಮೇಲೆ ಬಿದ್ದಿತ್ತು. ಜಾಹೀರಾತು ಬಂದಿತು. ನಾನು ಏಳಲಿಲ್ಲ.