‘ರೈಟ್ ಆಫ್’: ಲೆಕ್ಕದಿಂದ ತೆಗೆದರೆ ಸಾಲ ತೀರಿತೆ?

ವ್ಯಾಪಾರಸ್ಥರ ಪತ್ರವ್ಯವಹಾರದಲ್ಲಿ ಪದೇ ಪದೇ ಕಾಣಿಸಿಕೊಳ್ಳುವ, ಆದರೆ ಅರ್ಥದಲ್ಲಿ ಆಗಾಗ್ಗೆ ಎಡವಿಸುವ ಆಂಗ್ಲ ಪದಪುಂಜ ‘ರೈಟ್ ಆಫ್’. ‘ರೈಟ್’ ಎಂದರೆ ಬರೆ. ‘ಆಫ್’ ಎಂದರೆ ಆಚೆಗೆ. ಎರಡೂ ಕೂಡಿದಾಗ ಹುಟ್ಟುವ ಅರ್ಥವೇ ಬೇರೆ: ವಸೂಲಾಗದ ಬಾಕಿಯನ್ನು ಅಥವಾ ಬೆಲೆ ಕಳೆದುಕೊಂಡ ಸ್ವತ್ತನ್ನು ನಷ್ಟವೆಂದು ದಾಖಲಿಸಿ ಲೆಕ್ಕದಿಂದ ತೆಗೆದುಹಾಕುವುದು. ಕಿರ್ದಿ ಖಾತೆಯ ಭಾಷೆಯಲ್ಲಿ ಹೇಳುವುದಾದರೆ, ವಜಾ ಹಾಕುವುದು.

ವಾಕ್ಯದಲ್ಲಿ ‘ರೈಟ್ ಆಫ್ ದಿ ಡೆಟ್’, ‘ರೈಟ್ ದಿ ಡೆಟ್ ಆಫ್’ ಎರಡೂ ಸರಿ. ಸರ್ವನಾಮವಾದರೆ ಮಾತ್ರ ಅದು ನಡುವೆಯೇ ಬರಬೇಕು: ‘ರೈಟ್ ಇಟ್ ಆಫ್’. ನಾಮಪದವಾಗಿ ಬಳಸುವಾಗ ನಡುವೆ ಕಿರುಗೆರೆ ಹಾಕುವುದು ರೂಢಿ.

ಇದರ ಬಂಧುಪದಗಳನ್ನೂ ಬೇರ್ಪಡಿಸಿ ತಿಳಿಯತಕ್ಕದ್ದು. ‘ರೈಟ್ ಡೌನ್’ ಎಂದರೆ ಸ್ವತ್ತಿನ ಬೆಲೆಯನ್ನು ಭಾಗಶಃ ತಗ್ಗಿಸುವುದು. ‘ರೈಟ್ ಬ್ಯಾಕ್’ ಎಂದರೆ ಹಿಂದೆ ಖರ್ಚೆಂದು ತೋರಿಸಿದ್ದನ್ನು ಮರಳಿ ಆದಾಯಕ್ಕೆ ಸೇರಿಸುವುದು. ‘ವೇವ್’ ಎಂದರೆ ಹಕ್ಕನ್ನೇ ಬಿಟ್ಟುಕೊಡುವುದು.

ಗೊಂದಲವಾಗುವುದು ಈ ಕೊನೆಯ ಪದದೊಡನೆ. ಬ್ಯಾಂಕುಗಳು ಸಾಲವನ್ನು ‘ರೈಟ್ ಆಫ್’ ಮಾಡಿದುವೆಂಬ ಸುದ್ದಿಯನ್ನು ಅನೇಕರು ಸಾಲಮನ್ನಾ ಎಂದೇ ಓದುತ್ತಾರೆ. ವಾಸ್ತವವಾಗಿ ಸಾಲಗಾರನ ಹೊಣೆ ಹಾಗೆಯೇ ಉಳಿದಿರುತ್ತದೆ. ವಸೂಲಿಯ ಕ್ರಮಗಳನ್ನು ಮುಂದುವರಿಸಬಹುದು. 1961ರ ಆದಾಯ ತೆರಿಗೆ ಕಾಯ್ದೆಯಡಿ ಉದ್ಭವಿಸಿದ ಟಿಆರ್‌ಎಫ್ ಪ್ರಕರಣದಲ್ಲಿ 2010ರಲ್ಲಿ ಸುಪ್ರೀಂ ಕೋರ್ಟು, 1989ರ ಏಪ್ರಿಲ್ 1ರ ನಂತರ ಬಾಕಿಯನ್ನು ಲೆಕ್ಕಪುಸ್ತಕದಲ್ಲಿ ವಜಾ ಹಾಕಿದ್ದರೆ ಸಾಕು, ಅದು ವಸೂಲಾಗದೆಂದು ಸಿದ್ಧಪಡಿಸಬೇಕಿಲ್ಲ ಎಂದು ತೀರ್ಪಿತ್ತಿತು. ಅಂದರೆ ಇದು ನಮ್ಮ ಪುಸ್ತಕದೊಳಗಿನ ಕ್ರಿಯೆ. ಗಿರಾಕಿಗೆ ತಿಳಿಸಬೇಕಾದ ವಿಷಯವಲ್ಲ.

ಆದ್ದರಿಂದ ‘ನಿಮ್ಮ ಬಾಕಿಯನ್ನು ರೈಟ್ ಆಫ್ ಮಾಡಿದ್ದೇವೆ’ ಎಂದು ಗಿರಾಕಿಗೆ ಪತ್ರ ಬರೆಯುವುದು ಅಪಾಯಕರ. 1872ರ ಕರಾರು ಕಾಯ್ದೆಯ 63ನೆಯ ಕಲಮಿನಂತೆ, ಬರಬೇಕಾದುದನ್ನು ಪ್ರತಿಫಲವಿಲ್ಲದೆಯೂ ಬಿಟ್ಟುಕೊಡಬಹುದು. ಆ ಪತ್ರವನ್ನೇ ಮುಂದಿಟ್ಟು ಗಿರಾಕಿಯು ಬಾಕಿ ಮನ್ನಾ ಆಯಿತೆಂದು ವಾದಿಸಲು ಆಸ್ಪದವಾಗುತ್ತದೆ. ಬದಲಿಗೆ, ದಾವೆಗೆ ಇರುವ 3 ವರ್ಷಗಳ ಅವಧಿ ಮುಗಿಯುವ ಮೊದಲೇ ಅವನಿಂದ ಸಹಿಯುಳ್ಳ ಬಾಕಿ ಒಪ್ಪಿಗೆಪತ್ರ ಪಡೆಯುವುದು ಲೇಸು. ಆ ದಿನದಿಂದ ಅವಧಿ ಹೊಸದಾಗಿ ಆರಂಭವಾಗುತ್ತದೆ.

ಸರಕಿನ ವಿಷಯದಲ್ಲಿಯೂ ಈ ಪದಕ್ಕೆ ಬೆಲೆ ತೆರಬೇಕಾಗುತ್ತದೆ. 2017ರ ಕೇಂದ್ರ ಜಿಎಸ್‌ಟಿ ಕಾಯ್ದೆಯ 17(5)ನೆಯ ಕಲಮಿನನ್ವಯ ವಜಾ ಹಾಕಿದ ಸರಕಿನ ಮೇಲೆ ಹೂಡುವಳಿ ತೆರಿಗೆ ಜಮೆ ದೊರೆಯದು.

ಒಟ್ಟಿನಲ್ಲಿ, ಪುಸ್ತಕದಲ್ಲಿ ‘ರೈಟ್ ಆಫ್’ ಮಾಡುವ ಮುನ್ನ ಲೆಕ್ಕಪರಿಶೋಧಕರನ್ನೂ, ಪತ್ರದಲ್ಲಿ ಅದನ್ನು ಬರೆಯುವ ಮುನ್ನ ವಕೀಲರನ್ನೂ ವಿಚಾರಿಸುವುದು ಕ್ಷೇಮ.